ಕ್ಷೌರದ ಎವಾರಿಸ್ತೊ ಮತ್ತು ಏಳು ಕೊಂಪಾದ್ರೆಗಳು

ನಮ್ಮ ಸಾಂತಾ ಪ್ರಿಸ್ಕಾದಲ್ಲಿ ಹುಟ್ಟಿದ ಗಂಡುಕೂಸು ಅಳುವುದಕ್ಕೆ ಮೊದಲು ಎಡಕ್ಕೆ ಜಿಗಿದು ಸೂಲಗಿತ್ತಿ ಎಸೆದ ಬಟ್ಟೆಯನ್ನು ಒಂದೇ ಕೈಯಲ್ಲಿ ಹಿಡಿಯುತ್ತದೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ಡೊಮಿನಿಕನ್ ನಾಡಿನ ಈ ಸಕ್ಕರೆ ಕಾರ್ಖಾನೆಯ ಊರಲ್ಲಿ ತಾನೇ ಬೇಸ್‌ಬಾಲ್ ತಂಡದ ಷಾರ್ಟ್‌ಸ್ಟಾಪ್ ಆಗಬೇಕೆಂದು ಕನಸು ಕಾಣದ ಗಂಡಸು ಒಬ್ಬನೇ ಒಬ್ಬ ಎಂಬುದನ್ನಂತೂ ನಂಬಲೇಬೇಕು. ಅವನೇ ಕ್ಷೌರದ ಎವಾರಿಸ್ತೊ. ಚಿಕ್ಕಂದಿನಿಂದಲೂ ಕುಂಬಳಕಾಯಿಯಂಥ ಮೈ. ಓಡಲಾರ. ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸದಲ್ಲೇ ಅವನ ಪ್ರಾಯ ಕಳೆಯಿತು. ಆಸೆ ಇಲ್ಲದವನೇ ನ್ಯಾಯ ಹೇಳಬಲ್ಲ ಎಂದುಕೊಂಡು ಬೇಸ್‌ಬಾಲ್ ತಂಡದ ಯಜಮಾನಿಕೆಯನ್ನು ಊರವರೆಲ್ಲ ಸೇರಿ ಅವನ ತಲೆಗೆ ಕಟ್ಟಿದೆವು.

ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವಿನ ಆ ತುಂಡು ನೆಲ ಇದೆಯಲ್ಲ, ಬಿರುಸಿನ ಚೆಂಡೆಲ್ಲ ಅಲ್ಲಿಗೇ ಬರುವುದು. ಅಲ್ಲಿ ನಿಲ್ಲುವ ಷಾರ್ಟ್‌ಸ್ಟಾಪಿಗೆ ನಮ್ಮೂರಲ್ಲಿ ಮೇಯರನಿಗಿಂತ ಮೊದಲು ಕಾಫಿ.

ಎವಾರಿಸ್ತೊ ಯಜಮಾನನಾದದ್ದೇ ತಡ, ಆಟಗಾರರ ಮಕ್ಕಳಿಗೆಲ್ಲ ಅವನೇ ಜ್ಞಾನತಂದೆ ಆಗಬೇಕಾಯಿತು. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವನು ಮಗುವಿನ ಅಪ್ಪನಿಗೆ ಕೊಂಪಾದ್ರೆ. ಅಲ್ಲಿಂದ ಮುಂದೆ ಗೋಲಿ ಆಡಿ ಬೆಳೆದ ಗೆಳೆಯರೂ ಒಬ್ಬರಿಗೊಬ್ಬರು ‘ನೀವು’, ‘ತಾವು’. ಒಡಹುಟ್ಟಿದವರ ಜೊತೆ ಕಾದಾಡಬಹುದು, ಕೊಂಪಾದ್ರೆಗೆ ಎದುರು ಮಾತಾಡಿದರೆ ಬಾಯಲ್ಲಿ ಹುಳ ಬೀಳುತ್ತದೆ. ಹೀಗೆ ನೋಡನೋಡುತ್ತಲೇ ತಂಡದ ಏಳು ಜನ ಎವಾರಿಸ್ತೊನ ಕೊಂಪಾದ್ರೆಗಳಾದರು, ಏಳಕ್ಕೇಳೂ ಷಾರ್ಟ್‌ಸ್ಟಾಪ್‌ಗಳು. ಯಾರಿಗೆ ‘ಅಲ್ಲ’ ಅನ್ನುವುದು? ಪಾಪ, ಸುತ್ತಿಗೊಬ್ಬರಂತೆ ಆ ಜಾಗವನ್ನು ಹಬ್ಬದ ಸಿಹಿಯ ಹಾಗೆ ಹಂಚತೊಡಗಿದ.

ಉಳಿದ ಸುತ್ತುಗಳಲ್ಲಿ ಬೇರೆ ಜಾಗದಲ್ಲಿ ನಿಂತರೂ ಅವರ ಕಾಲು ಕೇಳಬೇಕಲ್ಲ! ಚೆಂಡು ಆ ಕಡೆ ಹಾರಿದರೆ ಐದು ಜನ ಒಟ್ಟಿಗೆ ಓಡಿ ಹಣೆಗೆ ಹಣೆ ಢೀ ಕೊಟ್ಟು, “ಕ್ಷಮಿಸಿ ಕೊಂಪಾದ್ರೆ,” “ಅಯ್ಯೋ, ತಮ್ಮದೇ ಚೆಂಡು ಕೊಂಪಾದ್ರೆ,” ಎಂದು ಉಪಚಾರ ಮಾಡುವಷ್ಟರಲ್ಲಿ ಚೆಂಡು ನೆಲಕ್ಕೆ ಬಿದ್ದು ಮೊಳಕೆಯೊಡೆದು ನಾಲ್ಕೆಲೆ ಬಿಟ್ಟಿರುತ್ತಿತ್ತು. ಮೊದಲನೇ ಬೇಸಿನಲ್ಲಿ ಆಡು ಮೇಯುತ್ತಿತ್ತು. ಕಡೆಗೆ ಲೀಗಿನ ತಳ ಸೇರಿದೆವು. ಬರುವ ಭಾನುವಾರ ಗ್ವಾಸುಮಾ ಊರವರ ಎದುರು ಸೋತರೆ ಲೀಗಿನಿಂದಲೇ ಹೊರಗೆ. ಆಮೇಲೆ ಭಾನುವಾರಕ್ಕೆ ಉಳಿಯುವುದು ಪಾದ್ರಿಯ ಉಪದೇಶ ಒಂದೇ.

ಎವಾರಿಸ್ತೊ ಆ ವಾರ ಅರ್ಧ ಇಳಿದುಹೋದ. ನನ್ನ ತಲೆಯಲ್ಲಿ ಕತ್ತರಿಗೆ ಕೆಲಸವಿಲ್ಲದೆ ಬಹಳ ವರ್ಷವಾದರೂ ಅವನ ಅಂಗಡಿಯ ಬೆಂಚು ಬಿಟ್ಟವನಲ್ಲ ನಾನು. ಆ ಶುಕ್ರವಾರವೂ ಅಲ್ಲೇ ಇದ್ದೆ. ಐಸ್ ಕಾರ್ಖಾನೆಯ ನೆರೆಯೊ ಗಡ್ಡ ಮಾಡಿಸಿಕೊಳ್ಳಲು ಬಂದ. ತಂಡದಲ್ಲಿ ಕೊಂಪಾದ್ರೆ ಅಲ್ಲದ ಇಬ್ಬರಲ್ಲಿ ಒಬ್ಬ ಇನ್ನೂ ಮದುವೆಯಾಗದ ಚೆಂಡೆಸೆಯುವವನು, ಇನ್ನೊಬ್ಬ ಇವನು. ಅದಕ್ಕೇ ಅವನನ್ನು ಮೈದಾನದ ಆ ತುದಿಗೆ, ಕಬ್ಬಿನ ಅಂಚಿಗೆ ಅಟ್ಟಿದ್ದರು.

ಎವಾರಿಸ್ತೊ ನೊರೆ ಹಚ್ಚುತ್ತ ಕೇಳಿದ, “ನಿನ್ನ ಮಗಳಿಗೆ ಹಲ್ಲು ಬಂತಂತೆ?”

“ಬಂತು ದೋನ್,” ಎಂದ ನೆರೆಯೊ, ಹಿರಿಯರಿಗೆ ಸಲ್ಲುವ ಮರ್ಯಾದೆಯ ಮಾತಲ್ಲಿ. “ನಿನ್ನೆ ನಮ್ಮತ್ತೆಯ ಬೆರಳು ಕಚ್ಚಿದ್ಲು. ಮನೇಲಿ ಎಲ್ರಿಗೂ ಖುಷಿ.”

“ಹಲ್ಲು ಬಂದ್ರೂ ಜ್ಞಾನಸ್ನಾನ ಇಲ್ಲ. ಊರಿಗೆ ಊರೇ ನನ್ನ ಕೇಳ್ತು, ನೀನೊಬ್ಬ ಕೇಳ್ಲಿಲ್ಲ. ನನ್ನ ಮೇಲೇನಾದ್ರೂ ಸಿಟ್ಟೇನೋ?”

“ಮೊದ್ಲು ಆ ಕತ್ತಿ ಆಚೆ ಹಿಡೀರಿ, ಹೇಳ್ತೀನಿ.” ಎವಾರಿಸ್ತೊ ಹಿಡಿದ. “ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ ದೋನ್? ಆದ್ರೆ ಈಗ ಕೇಳಿದ್ರೆ ನಂಗೂ ಒಂದು ಸುತ್ತು ಕೊಟ್ಬಿಡ್ತೀರ, ಕೊಂಪಾದ್ರೆ ಪಾಲು ಅಂತ. ನಂಗೆ ಪಾಲು ಬೇಡ. ನಾನು ಷಾರ್ಟ್‌ಸ್ಟಾಪ್ ಹೌದೋ ಅಲ್ವೋ, ಅದನ್ನ ಹೇಳಿ. ಅಲ್ಲ ಅಂದ್ರೂ ಭಾನುವಾರ ಆಟ ಮುಗಿದ್ಮೇಲೆ ಮಗು ಎತ್ಕೊಂಡು ನಿಮ್ಮ ಹತ್ರಾನೇ ಬರ್ತೀನಿ.”

ಎವಾರಿಸ್ತೊ ಕತ್ತಿಯನ್ನು ಮೇಜಿನ ಮೇಲಿಟ್ಟ. ನೆರೆಯೊನ ಕೆನ್ನೆಯ ನೊರೆ ಒಣಗಿ ಸುಣ್ಣವಾಯಿತು.

“ನೀನೇ ಕಣೋ,” ಅಂದ ಕೊನೆಗೆ. “ನೀನು ಬಂದ ವರ್ಷವೇ ನಂಗೆ ಗೊತ್ತಾಗಿತ್ತು.”

ಭಾನುವಾರ ಏಳು ಕೊಂಪಾದ್ರೆಗಳ ಮುಂದೆ ನಿಂತು, ಇಡೀ ಆಟಕ್ಕೆ ನೆರೆಯೊ ಒಬ್ಬನೇ ಷಾರ್ಟ್‌ಸ್ಟಾಪ್ ಎಂದು ಹೇಳಿದ. ಎಲ್ಲರೂ ಆನೆಗಾತ್ರದ ಲಿಯೋನ್ಸಿಯೊನ ಮುಖ ನೋಡಿದರು. ಎಲ್ಲರಿಗಿಂತ ಮೊದಲು ಮಗು ಕೊಟ್ಟವನು ಅವನೇ.

“ಕೊಂಪಾದ್ರೆ, ನಿಮ್ಮ ಜ್ಞಾನಪುತ್ರ ಅಲ್ಲಿ ಬೇಲಿ ಹತ್ರ ಕೂತಿದಾನೆ. ಅವನಿಗೆ ನಾನೇನು ಹೇಳ್ಲಿ?”

“ಮೊದಲನೇ ಬೇಸಿಗೆ ಕೊನೆಗೂ ಒಬ್ಬ ಮನುಷ್ಯ ಸಿಕ್ಕ, ಅದು ನಿಮ್ಮಪ್ಪ ಅಂತ ಹೇಳಿ ಕೊಂಪಾದ್ರೆ. ಆಡು ಹಿಡ್ಕೊಳ್ಳಾರದ ಚೆಂಡನ್ನ ನೀವು ಹಿಡ್ಕೋಬೇಕು.”

ಲಿಯೋನ್ಸಿಯೊ ಮೂಗಲ್ಲಿ ರೈಲು ಬಿಟ್ಟ. ಆಮೇಲೆ ಹೋಗಿ ಆಡನ್ನು ಓಡಿಸಿ ನಿಂತ.

ಕಡೆಯ ಸುತ್ತು, ಒಂದೇ ಔಟು ಬಾಕಿ. ಒಂದೇ ಒಂದು ಓಟದಿಂದ ನಾವು ಮುಂದೆ. ಗ್ವಾಸುಮಾದ ಕಮ್ಮಾರ ಬೀಸಿದ ಏಟಿಗೆ ಚೆಂಡು ನೆಲದ ಹುಲ್ಲು ಸುಡುತ್ತ ಬಂತು. ಎಲ್ಲರ ಕಾಲೂ ತುರಿಸಿದವು, ಕಂಡೆ. ಲಿಯೋನ್ಸಿಯೊ ಮಾತ್ರ ಬೇಸಿಗೆ ಮೊಳೆ ಹೊಡೆದ ಹಾಗೆ ನಿಂತಿದ್ದ. ನೆರೆಯೊ ಅಡ್ಡ ಹಾರಿ ಚೆಂಡು ಹಿಡಿದು, ಮೊಣಕಾಲಲ್ಲೇ ಕೂತು ಎಸೆದ. ಕಮ್ಮಾರ ಬೇಸು ಮುಟ್ಟುವ ಮೊದಲೇ ಲಿಯೋನ್ಸಿಯೊನ ಕೈಗವಸಿಗೆ ಅದು ಬಿದ್ದ ಸದ್ದಿಗೆ ಕಾರ್ಖಾನೆಯ ಸೈರನ್ನು ನಾಚಿ ಎರಡು ದಿನ ಕೂಗಲಿಲ್ಲ. ಗೆದ್ದೆವು. ಲೀಗಿನಲ್ಲಿ ಉಳಿದೆವು, ಕೆಳಗಿನಿಂದ ಎರಡನೆಯವರಾಗಿ.

ಎವಾರಿಸ್ತೊ ಮೊದಲು ಹೋದದ್ದು ಲಿಯೋನ್ಸಿಯೊನ ಹತ್ತಿರ. “ತುಂಬಾ ಉಪಕಾರ ಆಯ್ತು ಕೊಂಪಾದ್ರೆ,” ಅಂದ. “ಸುಮ್ನಿರಿ, ಕೈ ಊದಿದೆ,” ಅಂತ ಆ ಆನೆ ಅವನನ್ನು ತಬ್ಬಿಕೊಂಡಿತು.

ಅದೇ ಸಂಜೆ, ಮಣ್ಣು ಮೆತ್ತಿದ ಬಟ್ಟೆಯಲ್ಲೇ ನೆರೆಯೊ ಮಗುವನ್ನು ಎತ್ತಿಕೊಂಡು ಬಂದ. ಇಗರ್ಜಿಯಲ್ಲಿ ಆಕೆ ಜ್ಞಾನತಂದೆಯ ಹೆಬ್ಬೆರಳು ಕಚ್ಚಿದಳು. ಆಮೇಲೆ ಅಂಗಳದ ತುಂಬ ಸಾಂಕೋಚೊ ಸಾರು ಕುದಿಯಿತು, ಬೆಟ್ಟದಷ್ಟು ಗೆಣಸು ಕರಗಿತು.

“ಇನ್ನೇನು, ಇವನೂ ಕೊಂಪಾದ್ರೆ ಆದ,” ಎಂದು ಲಿಯೋನ್ಸಿಯೊ ಕೆಣಕಿದ. “ನಾಳೆ ಇವನ ಕಾಲು ಸೋತ್ರೆ ಹೇಳೋಕೆ ನಿಮಗೆ ಬಾಯಿ ಬರುತ್ತಾ?”

“ಬರುತ್ತೆ. ಇವರೇ ಕಲಿಸಿದ್ದಲ್ವಾ,” ಅಂದ ಎವಾರಿಸ್ತೊ. ಆಗಲೇ ‘ಇವರು’ ಶುರುವಾಗಿತ್ತು.

ಬಹಳ ವರ್ಷಗಳ ಮೇಲೆ ನೆರೆಯೊನ ಮೊಣಕಾಲು ಸೋತಿತು. ಎವಾರಿಸ್ತೊ ತಾನೇ ಅವನ ಮನೆಗೆ ನಡೆದು ಹೋಗಿ, “ಕೊಂಪಾದ್ರೆ, ಈ ವರ್ಷ ನೀವಲ್ಲ,” ಎಂದು ಹೇಳಿ ಬಂದ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ನೆರೆಯೊ ಅಲ್ಲೇ ನಿಂತಿದ್ದ. ಹಿಂದಿನ ದಿನವಷ್ಟೇ ಕ್ಷೌರವಾಗಿ ಗಲ್ಲ ನುಣ್ಣಗಿತ್ತು. ಆದರೂ ಬಂದು ಕುರ್ಚಿಯಲ್ಲಿ ಕೂತು, ‘ಕತ್ತಿ ಆಚೆ ಹಿಡೀರಿ’ ಅನ್ನದೆ ಕತ್ತೆತ್ತಿ ಕೊಟ್ಟ. ಎವಾರಿಸ್ತೊ ಬಿಸಿನೀರು ತಂದು ನೊರೆ ಕಲೆಸಿದ.