ಯಲಹಂಕದ ನಲ್ಲಿನೀರು ಯಶವಂತಪುರಕ್ಕೆ ಹೋದದ್ದು

೧೯೮೬ರ ಏಪ್ರಿಲ್‌ನ ಒಂದು ಮಂಗಳವಾರ, ಬೆಳಿಗ್ಗೆ ಐದೂಮುಕ್ಕಾಲು. ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಹಾಜರಿದ್ದವರು ಇಬ್ಬರು: ನೀರು ಸರಬರಾಜು ಕಚೇರಿಯ ಪರೀಕ್ಷಕನಾದ ನಾನು, ಮತ್ತು ಹದಿನೆಂಟು ವರ್ಷದಿಂದ ನನ್ನೊಂದಿಗೆ ನೀರಿನ ಮಾದರಿ ಹೊರುತ್ತಿದ್ದ ಗದಗ ಕಡೆಯ ಸಂಗಪ್ಪ. ಅವನ ಕೈಯಲ್ಲಿ ಮಂಜುಗಡ್ಡೆಯ ಡಬ್ಬಿ, ಅದರೊಳಗೆ ಆರು ಖಾಲಿ ಸೀಸೆ.

ಯಲಹಂಕಕ್ಕೆ ಅರ್ಧ ಗಂಟೆ. ದೂರು ಬರೆದಿದ್ದ ಜಯಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ಮೂರು ಕಾಗ್ದ ಬರ್ದೆ ಕಣ್ರೀ, ಈಗ ದಾರಿ ಗೊತ್ತಾಯ್ತಾ?"

ನಲ್ಲಿ ತಿರುಗಿಸಿದರೆ ಆಸ್ಪತ್ರೆಯ ವಾಸನೆ.

"ಮಗಳು ಬಾಣಂತನಕ್ಕೆ ಬಂದಿದಾಳೆ, ಏಳು ತಿಂಗಳು. ಈ ನೀರು ಕುಡಿಸ್ಲಾ, ಬೇಡ್ವಾ? ಅಷ್ಟು ಹೇಳಿ ಸಾಕು."

"ಸಂಜೆಗೆ ಬರೆದು ಕಳಿಸ್ತೀನಮ್ಮಾ," ಎಂದೆ.

ಕೊಳೆತ ಸೊಪ್ಪುಸದೆಯ ಅಂಶವಿರುವ ಕೆರೆನೀರಿಗೆ ಕ್ಲೋರಿನ್ ಬೆರೆಸಿದರೆ ಕ್ಲೋರೋಫಾರ್ಮ್‌ನಂಥ ಹಾನಿಕರ ವಸ್ತುಗಳು ಹುಟ್ಟುತ್ತವೆ. ಗಾಳಿ ಸಿಕ್ಕರೆ ಅವು ನೀರನ್ನು ಬಿಟ್ಟು ಹಾರುತ್ತವೆ. ಆದ್ದರಿಂದ ಸೀಸೆಗಳನ್ನು ಗುಳ್ಳೆಯೂ ಉಳಿಯದಂತೆ ಬಾಯಿಮಟ್ಟ ನಾನೇ ತುಂಬಿಸಿದೆ. ಅಳೆಯುವ ಯಂತ್ರ ಇದ್ದದ್ದು ಯಶವಂತಪುರದ ಒಂದು ಪ್ರಯೋಗಾಲಯದಲ್ಲಿ. ನಮಗೆ ಬಿಟ್ಟುಕೊಟ್ಟದ್ದು ಆ ಒಂದೇ ದಿನ.

ಹೆಬ್ಬಾಳದಲ್ಲಿ ಬಸ್ಸು ಬದಲಿಸಬೇಕಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಎರಡು ಇಡ್ಲಿ ತಿಂದು ಬರುವವರೆಗೆ ಸಂಗಪ್ಪ ಡಬ್ಬಿ ಕಾದ.

ಹತ್ತು ಗಂಟೆಗೆ ಪ್ರಯೋಗಾಲಯದ ಹುಡುಗಿ ಸೀಸೆಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟಳು. "ಎಲ್ಲದ್ರಲ್ಲೂ ಗಾಳಿ ಹೊಕ್ಕಿದೆ ಸರ್. ಇದನ್ನ ಹಾಕಿದ್ರೆ ಮೆಷಿನ್ನು ಸುಳ್ಳು ಹೇಳತ್ತೆ."

ನಾನು ಸಂಗಪ್ಪನ ಕಡೆ ತಿರುಗಿದೆ.

"ಬಾಯಿ ತನಕಾ ತುಂಬಿಸೀರಿ ಸಾಹೇಬ್ರ. ಜಾಗಾ ಬಿಡೋದು ಮರ್ತಿರಬೇಕಂತ ಹೆಬ್ಬಾಳದಾಗ ನಾನ ಎರಡ ಬೆರಳು ನೀರು ಚೆಲ್ಲಿದೆ. ನೀವ ಕಲಿಸಿದ್ದಲ್ರೀ?"

ನಾನೇ ಕಲಿಸಿದ್ದು. ರೋಗಾಣು ಪರೀಕ್ಷೆಯ ಸೀಸೆಯಲ್ಲಿ ಕುಲುಕಲು ಎರಡು ಬೆರಳು ಜಾಗ ಬಿಡಬೇಕು. ಅದನ್ನು ಹದಿನೆಂಟು ವರ್ಷ ಬೈದು ಬೈದು ಕಲಿಸಿದ್ದೆ. ಈ ಪರೀಕ್ಷೆ ಬೇರೆ ಎಂದು ಹೇಳಿರಲಿಲ್ಲ. ಕಾರಣ ಕೇಳುವುದು ಅವನ ಕೆಲಸವಲ್ಲ ಎಂದು ನಿಯಮ ಮಾಡಿದವನೂ ನಾನೇ. ಮತ್ತೆ ಓಡುವಂತೆಯೂ ಇರಲಿಲ್ಲ; ಯಲಹಂಕದ ನಲ್ಲಿ ಏಳಕ್ಕೇ ನಿಂತಿತ್ತು, ಇನ್ನು ಬರುವುದು ಗುರುವಾರ.

ಕಚೇರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರೂ ಮೇಲಧಿಕಾರಿ ಕಡತದಿಂದ ತಲೆ ಎತ್ತಲಿಲ್ಲ. "ಏನೂ ಸಿಕ್ಕಿಲ್ಲ ತಾನೇ? ಹಾಗಂತಲೇ ಬರೀರಿ."

"ಪರೀಕ್ಷೆಯೇ ಆಗಿಲ್ಲ ಸಾರ್."

"ಅದಕ್ಕೇ ಸಿಕ್ಕಿಲ್ಲ ಕಣ್ರೀ. ಇಲ್ದಿದ್ರೆ ಸೀಸೆ ಕೆಡಿಸಿದ್ದು ಯಾರು ಅಂತ ಬರೀಬೇಕಾಗತ್ತೆ. ಸಂಗಪ್ಪನ ಕೆಲ್ಸ ಹೋಗತ್ತೆ, ನೋಡಿ."

ಸಂಗಪ್ಪ ಹೊರಗೆ ಸೀಸೆಗಳನ್ನು ತೊಳೆದು ಬೋರಲು ಹಾಕುತ್ತಿದ್ದ. 'ದೋಷ ಕಂಡುಬಂದಿಲ್ಲ, ನೀರನ್ನು ಕುಡಿಯಬಹುದು' ಎಂದು ಜಯಮ್ಮನವರ ಹೆಸರಿಗೆ ಬರೆದು ಸಹಿ ಮಾಡಿದೆ. ಐದೂಕಾಲಿಗೆ ಅದನ್ನು ಟಪಾಲಿಗೆ ಹಾಕಿದೆ.