ಮಾಮಾ ಎಂಜಿನ್ ಹತ್ತಿದ ದಿನ

ಶಹಾಪುರದ ಬಸ್‌ಸ್ಟ್ಯಾಂಡಿನಿಂದ ಮಾಮಾನ ಮನೆಗೆ ಹೋಗುವ ದಾರಿಯಲ್ಲಿ ಒಂದು ಕಮ್ಮಾರಸಾಲೆ ಇದೆ. ಮೊನ್ನೆ ಅದರ ಮುಂದೆ ಹಾಯುವಾಗ ಕಲ್ಲಿದ್ದಲಿನ ಹೊಗೆ ಗಪ್ಪನೆ ಮೂಗಿಗೆ ಬಡಿಯಿತು. ಗಂಧಕ ಬೆರೆತ, ಗಂಟಲಲ್ಲೇ ಕೂತುಬಿಡುವ ವಾಸನೆ. ಜೊತೆಗೆ ಬಂದವರು ಮೂಗು ಮುಚ್ಚಿಕೊಂಡು ಮುಂದೆ ಹೋದರು, ನಾನು ನಿಂತೆ. ನಿಂತವಳಿಗೆ ಸಮುದ್ರ ನೆನಪಾಯಿತು ಎಂದರೆ ನೀವು ನಗುತ್ತೀರಿ. ನಮ್ಮ ಕಡೆ ನೀರೆಂದರೆ ಕಾಲುವೆಯ ನೀರು, ಅದೂ ಬಿಟ್ಟಾಗ. ಆದರೆ ನಾನು ಮೊದಲ ಸಲ ಸಮುದ್ರ ನೋಡಿದ್ದೇ ಇಂಥ ಹೊಗೆಯ ನಡುವೆ, ಮಾಮಾನ ಎದುರು ಕೂತು. ನೋಡಿದೆ ಎನ್ನುವುದೂ ಅರ್ಧ ಸುಳ್ಳೇ. ಆ ದಿನ ನಾನು ನೋಡುತ್ತಿದ್ದದ್ದು ಮಾಮಾನನ್ನು.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಹರೆಯದಲ್ಲಿ ಮೂರು ವರ್ಷ ವಾಡಿಯ ಕಡೆ ರೈಲ್ವೆಯಲ್ಲಿದ್ದನಂತೆ, ಉಗಿಬಂಡಿಯ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದನಂತೆ. ‘ಅಂತೆ’ ಎಂದು ಯಾಕೆ ಹೇಳುತ್ತೇನೆಂದರೆ ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಆ ಬಾಲ ಎಂದೂ ಬಿಟ್ಟುಹೋಗಿಲ್ಲ. ಒಂದು ಫೋಟೋ ಇಲ್ಲ, ಒಂದು ಅಂಗಿ ಇಲ್ಲ, ಜೊತೆಗಿದ್ದವರು ಯಾರೂ ಒಂದು ದಿನ ಬಾಗಿಲಿಗೆ ಬಂದವರಿಲ್ಲ. ಮೊಣಕೈ ಕೆಳಗೆ ಒಂದು ಸುಟ್ಟ ಕಲೆ ಇತ್ತು. “ಎಂಜಿನ್ ಬೆಂಕಿ” ಎಂದು ಮಾಮಾ ತೋರಿಸುತ್ತಿದ್ದ. ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: “ಎಂಜಿನ್ ಬೆಂಕ್ಯಲ್ಲ, ಭಜಿ ಎಣ್ಣಿ. ಟೇಶನ್ನಿನ್ಯಾಗ ಮಿರ್ಚಿ ಕರಿಯಾಕತ್ತಿದ್ನಂತ, ನೋಡಿದವ್ರು ಹೇಳ್ಯಾರ!” ನೋಡಿದವರು ಯಾರೆಂದು ಕೇಳಿದರೆ ಅವ್ವನೂ ಹೇಳುತ್ತಿರಲಿಲ್ಲ.

ನಾನು ಸುರಪುರದಲ್ಲಿ ಶಾಲಾ ಶಿಕ್ಷಕಿ. ಎರಡು ಹಾಳೆಯಲ್ಲಿ ಒಂದೇ ತಪ್ಪು ಕಂಡರೆ ಯಾರು ಯಾರದನ್ನು ನೋಡಿ ಬರೆದರೆಂದು ಪತ್ತೆಹಚ್ಚುವುದರಲ್ಲೇ ಅರ್ಧ ಆಯುಷ್ಯ ಕಳೆದವಳು. ಆ ಚಾಳಿ ಮನೆಗೂ ಬಂದಿತ್ತು. ಹಾಗಾಗಿ ಕೆಲವು ವರ್ಷಗಳ ಹಿಂದೆ, ಆಂಧ್ರದ ಕಡಲ ದಂಡೆಗುಂಟ ಹಳೆಯ ಉಗಿಬಂಡಿಯೊಂದನ್ನು ಒಂದು ದಿನದ ಮಟ್ಟಿಗೆ ಓಡಿಸುತ್ತಾರೆ, ಜನ ಕೂತು ನೋಡಬಹುದು ಎಂದು ತಿಳಿದಾಗ, ನಾನು ಎರಡು ಸೀಟು ಹಿಡಿದೆ. “ಮಾಮಾಗ ಖುಷಿ ಆಗ್ತೈತಿ” ಎಂದು ಎಲ್ಲರಿಗೂ ಹೇಳಿದೆ. ಅವ್ವನಿಗೆ ಮಾತ್ರ ನಿಜ ಗೊತ್ತಿತ್ತು. ಯಾದಗಿರಿಯಲ್ಲಿ ರೈಲು ಹತ್ತಿಸುವಾಗ ನನ್ನ ಕಿವಿಯಲ್ಲಿ ಹೇಳಿದಳು: “ಎಂಜಿನ್ ಮುಂದ ನಿಂದ್ರಿಸಿ ನೋಡು. ಗೊತ್ತಾಗ್ತೈತಿ.”

ಆದರೆ ಅಲ್ಲಿ ಮುಟ್ಟಿದ ಮೇಲೆ ನನಗಿಂತ ಮಾಮಾನ ಅನುಮಾನವೇ ದೊಡ್ಡದಾಯಿತು. ಎಂಜಿನ್ನಿಗೆ ಕಪ್ಪು ಬಣ್ಣ ಬಳಿದು, ಹಿತ್ತಾಳೆಯನ್ನು ಹೊಳೆಯುವಂತೆ ಉಜ್ಜಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮಾಮಾ ಕೈ ಹಿಂದೆ ಕಟ್ಟಿಕೊಂಡು, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ಅದನ್ನು ಒಂದು ಸುತ್ತು ಹಾಕಿದ. ಆಮೇಲೆ ಇಡೀ ಗಾಡಿಯ ಉದ್ದಕ್ಕೂ ನಡೆದುಹೋಗಿ ಬಂದ.

“ಮೋಸ ಬೇ ಇದು. ಹಿಂದ ಡೀಸೆಲ್ ಹಚ್ಚ್ಯಾರ. ನೂಕೋದು ಅದು. ಇದು ಬರೇ ಹೊಗಿ ಬಿಡೋ ಗೊಂಬಿ.”

ನಿಜಕ್ಕೂ ಕೊನೆಯ ಡಬ್ಬಿಯ ಹಿಂದೆ ಒಂದು ಡೀಸೆಲ್ ಎಂಜಿನ್ ಇತ್ತು. ಮಾರ್ಗದರ್ಶಿ ಹೆಂಗಸು, ಮುದಿ ಎಂಜಿನ್ ದಾರಿಯಲ್ಲಿ ನಿಂತರೆ ಆಸರೆಗೆ ಇರಲಿ ಎಂದು ಹಚ್ಚಿದ್ದು ಎಂದಳು. ಮಾಮಾ ನಂಬಲಿಲ್ಲ. ಅವನೊಬ್ಬನೇ ನಂಬದಿದ್ದರೆ ನಡೆಯುತ್ತಿತ್ತು. ಪಕ್ಕದವರಿಗೂ ಹೇಳಿದ, ಅವರ ಪಕ್ಕದವರಿಗೂ ಹೇಳಿದ. ನಮ್ಮ ಡಬ್ಬಿಯ ಅರ್ಧ ಜನ ಸಮುದ್ರ ಬಿಟ್ಟು ಹಿಂದಿನ ಕಿಟಕಿಯಿಂದ ಡೀಸೆಲ್ ನೋಡತೊಡಗಿದರು. ಬಲಕ್ಕೆ ಅಷ್ಟು ದೊಡ್ಡ ನೀರು ಬಿಸಿಲಲ್ಲಿ ಕುಣಿಯುತ್ತಿತ್ತು. ಮಾಮಾ ಅದಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಮುಂದಿನ ಎಂಜಿನ್ನಿನ ಸದ್ದು ಕೇಳುತ್ತ ಕೂತಿದ್ದ. ನಾಟಕವೋ ನಿಜವೋ ಎಂದು ನಾನು ಅವನ ಮುಖವನ್ನೇ ದಿಟ್ಟಿಸುತ್ತಿದ್ದೆ.

ನೀರು ತುಂಬಿಸಲು ಗಾಡಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಬೇಕಾದವರು ಎಂಜಿನ್ ಹತ್ತಿರದಿಂದ ನೋಡಬಹುದು ಎಂದರು. ಮಾಮಾ ನನಗಿಂತ ಮೊದಲೇ ಇಳಿದ. ಮೇಲೆ ಡ್ರೈವರ್ ನಿಂತಿದ್ದ, ಮಾಮಾನ ವಯಸ್ಸಿನವನೇ, ತಲೆಗೆ ಕರವಸ್ತ್ರ ಕಟ್ಟಿದ್ದ. ನನ್ನ ಹೊತ್ತು ಬಂದಿತು ಎನಿಸಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನೇ ಹಿಂದಿಯಲ್ಲಿ ಕೂಗಿದೆ: ಇವರು ನಮ್ಮ ಮಾಮಾ, ಹಿಂದೆ ಫೈರ್‌ಮನ್ ಆಗಿದ್ದರು.

ಡ್ರೈವರ್‌ನ ಮುಖ ಅರಳಿತು. “ಬನ್ನಿ ಭಾಯಿ, ಒಂದು ಸಲಿಕೆ ಹಾಕಿ” ಎಂದು ಸಲಿಕೆಯ ಹಿಡಿಯನ್ನು ಕೆಳಕ್ಕೆ ಚಾಚಿದ. ಸುತ್ತ ಇದ್ದವರು ಚಪ್ಪಾಳೆ ಹೊಡೆದರು. ಮಾಮಾ ಕಬ್ಬಿಣದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಇನ್ನೊಂದು ಕಾಲು ನೆಲ ಬಿಡಲೇ ಇಲ್ಲ. ಹಾಗೇ ನಿಂತ. ಆಮೇಲೆ ಕಾಲು ಕೆಳಗಿಟ್ಟು ನನ್ನ ಕಡೆ ತಿರುಗಿದ. ಮಾಮಾಗೆ ಹಿಂದಿ ಚೆನ್ನಾಗಿಯೇ ಬರುತ್ತದೆ. ಆದರೂ ಕನ್ನಡದಲ್ಲಿ, ನನಗೇ ಹೇಳಿದ:

“ನಾ ಮ್ಯಾಲೆ ಹತ್ತಿದವಲ್ಲ ಅಂತ ಹೇಳು ಅವರಿಗೆ. ನಾ ಬೂದಿ ಎಳ್ಯಾವ ಇದ್ದೆ. ಎಂಜಿನ್ ಕೆಳಗ ತೆಗ್ಗಿನ್ಯಾಗ ನಿಂತು, ಮೂರು ವರ್ಷ. ಕೈ ಸುಟ್ಟಿದ್ದು ಅಲ್ಲೇ. ಫೈರ್‌ಮನ್ ಆಗೇನಿ ಅಂತ ನಮ್ಮವ್ವಗ ಪತ್ರ ಹಾಕಿದ್ದೆ. ಇವತ್ತಿಲ್ಲ ನಾಳಿ ಆಗೇ ಆಗ್ತೀನಿ ಅಂದ್ಕೊಂಡಿದ್ದೆ ಬೇ. ಅಷ್ಟರಾಗ ಉಗಿ ಎಂಜಿನ್ನೇ ಹ್ವಾದವು.”

ನಾನು ಹುಡುಕಿಕೊಂಡು ಬಂದಿದ್ದು ಇದನ್ನೇ ತಾನೆ? ಸಿಕ್ಕಿತ್ತು. ಅದನ್ನು ಹಿಂದಿಗೆ ತಿರುಗಿಸಿ ಹೇಳುವ ಪಾಡೂ ನನ್ನ ಪಾಲಿಗೇ ಬಂತು. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಚಪ್ಪಾಳೆ ಹೊಡೆದವರು ಡೀಸೆಲ್‌ನ ಕಡೆ ನೋಡಿದಂತೆಯೇ ಈಗ ಮಾಮಾನ ಕಡೆ ನೋಡುತ್ತಿದ್ದರು.

ಡ್ರೈವರ್ ಎಲ್ಲವನ್ನೂ ಕೇಳಿದ. “ಹಾಗಾದರೆ ಇನ್ನೂ ಬೇಗ ಹತ್ತಿ. ನೀರು ತುಂಬಿತು” ಎಂದವನೇ ಸಲಿಕೆ ಬದಿಗಿಟ್ಟು ತನ್ನ ಕೈಯನ್ನೇ ಚಾಚಿದ.

ಮಾಮಾ ಹತ್ತಿದ. ಒಂದು ಸಲಿಕೆ ಹಾಕಿದ. ಅರ್ಧ ಕಲ್ಲಿದ್ದಲು ಒಲೆಯ ಬಾಗಿಲಿಂದ ಹೊರಗೇ ಚೆಲ್ಲಿತು. ಇನ್ನೊಂದು ಹಾಕಿದ, ಅದು ಒಳಗೆ ಹೋಯಿತು. ಸ್ವಲ್ಪ ಹೊತ್ತು ಬಗ್ಗಿ ಬೆಂಕಿಯನ್ನು ನೋಡುತ್ತ ನಿಂತಿದ್ದು ಇಳಿದು ಬಂದ. ಹುಬ್ಬಿನ ಮೇಲೆಲ್ಲ ಮಸಿ.

“ಮ್ಯಾಲಿಂದ ಬ್ಯಾರೇನೇ ಕಾಣ್ತೈತಿ” ಎಂದ. ಗಾಡಿ ಹೊರಟ ಮೇಲೆ ಸಮುದ್ರದ ಕಡೆ ತಿರುಗಿ ಕೂತ. ನೀರಿನಿಂದ ಕಣ್ಣು ತೆಗೆಯದೆ ಕೇಳಿದ: “ನಿಮ್ಮವ್ವಗ ಹೇಳ್ತಿಯೇನು?” ನಾನು ಹುಬ್ಬಿನ ಮಸಿ ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟೆ.

ಸುರಪುರಕ್ಕೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳಿದಳು: “ಏನಾತು? ಹತ್ತಿದ್ನೇನು?”

“ಹತ್ತಿದ ಬೇ ಯವ್ವಾ. ಸಲಿಕಿ ಹಿಡಿದು ಕಲ್ಲಿದ್ದಲಿ ಹಾಕಿದ. ಎಲ್ಲಾರು ಚಪ್ಪಾಳಿ ಹೊಡದ್ರು.”

ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅವ್ವ ನನ್ನನ್ನು ನೋಡಿದ ನೋಟ, ನಕಲು ಹೊಡೆದ ಹಾಳೆಯನ್ನು ನಾನು ನೋಡುವ ನೋಟವೇ ಆಗಿತ್ತು. ಕೊನೆಗೆ ನಂಬಿದಳು. ನಂಬಿ, ಒಳಗೆ ಹೋಗಿ ಅತ್ತಳು ಎಂದು ನನ್ನ ಗುಮಾನಿ. ಈರುಳ್ಳಿ ಎಂದು ಅವಳ ಹೇಳಿಕೆ.

ಎಂಟು ದಿನದ ಮೇಲೆ ಮಾಮಾ ತಾನೇ ಬಸ್ಸು ಹತ್ತಿ ಸುರಪುರಕ್ಕೆ ಬಂದ. ಚಹಾ ಮುಟ್ಟದೆ, ಅವ್ವನ ಎದುರು ಕೂತು, ಬೂದಿಯ ತೆಗ್ಗಿನಿಂದ ಹಿಡಿದು ಪತ್ರದವರೆಗೆ ಎಲ್ಲವನ್ನೂ ಹೇಳಿದ. ನಲವತ್ತು ವರ್ಷ ಆ ಮಾತಿಗೆ ಕಾದಿದ್ದ ನನ್ನವ್ವ ಕೈ ಝಾಡಿಸಿ ಎದ್ದಳು.

“ನಿನ್ನ ಯಾವ ಮಾತು ನಂಬಲೋ ಯಣ್ಣಾ? ನನ್ನ ಮಗಳು ಕಣ್ಣಾರೆ ನೋಡ್ಯಾಳ. ಕಲಿಯಲಾರದೆ ಸಲಿಕಿ ಹಿಡಿಯಾಕ ಬರ್ತೈತೇನು?”

ಇವತ್ತಿಗೂ ಅವಳದು ಅದೇ ಹಟ. ಮೊನ್ನೆ ಶಹಾಪುರಕ್ಕೆ ಹೋಗಿದ್ದು ಮಾಮಾನ ಮೊಮ್ಮಗಳ ನಿಶ್ಚಿತಾರ್ಥಕ್ಕೆ. ಬೀಗರ ಎದುರು ಅವ್ವ ಅಣ್ಣನನ್ನು ತೋರಿಸಿ, “ಇವರು ರೈಲ್ವೆದಾಗ ಎಂಜಿನ್ ನಡಸ್ತಿದ್ರು” ಎಂದಳು. ಫೈರ್‌ಮನ್ನಿನಿಂದ ಡ್ರೈವರ್‌ಗೆ ಬಡ್ತಿ. “ಇಲ್ರಿ, ಇಲ್ರಿ” ಎಂದು ಮಾಮಾ ಕೈ ಆಡಿಸಿದಷ್ಟೂ ಬೀಗರಿಗೆ ಅವನ ದೊಡ್ಡ ಗುಣ ಹೆಚ್ಚು ಕಂಡಿತು. ಅವನು ನನ್ನ ಹತ್ತಿರ ಜರುಗಿ, ಕಣ್ಣು ಸಣ್ಣ ಮಾಡಿ ಕೇಳಿದ: “ಖರೆ ಹೇಳು. ಅವತ್ತು ಇಕಿಗೆ ಏನ್ ಹೇಳಿ ಇಟ್ಟಿ?”

“ನೋಡಿದ್ದು ಹೇಳೇನಿ ಮಾಮಾ,” ಎಂದೆ. ಅವನು ನಂಬಲಿಲ್ಲ.