ಓಗೊಡದೆ ಉಳಿದ ಕೂಗು

ಇಂಥದ್ದರಲ್ಲೆಲ್ಲ ನನಗೆ ನಂಬಿಕೆ ಇರಲಿಲ್ಲ. ಚಾಮರಾಜನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು ನಾನು. ಕೆಲಸ ಕಲಿತದ್ದೇ ಡಾರ್ಕ್‌ರೂಮಿನಲ್ಲಿ. ಕತ್ತಲೆಯಲ್ಲಿ ಏನಾದರೂ ಇದ್ದಿದ್ದರೆ ಎಲ್ಲರಿಗಿಂತ ಮೊದಲು ನನಗೇ ಸಿಗಬೇಕಿತ್ತು ಎಂದು ತಮಾಷೆ ಮಾಡುತ್ತಿದ್ದೆ. ಈಗ ಆ ತಮಾಷೆ ಬಿಟ್ಟಿದ್ದೇನೆ. ಹಾಗಾದರೆ ನಂಬಿಕೆ ಬಂತೇ ಎಂದು ಕೇಳಿದರೆ ಅದನ್ನೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಆರು ವರ್ಷದ ಹಿಂದಿನ ಮಾತು. ಮದುವೆ, ನಾಮಕರಣಗಳ ಫೋಟೋ ತೆಗೆದು ತೆಗೆದು ಸಾಕಾಗಿ, ನಕ್ಷತ್ರಗಳ ಹುಚ್ಚು ಹತ್ತಿತ್ತು. ಧ್ರುವ ನಕ್ಷತ್ರದ ಸುತ್ತ ಬೇರೆ ನಕ್ಷತ್ರಗಳು ಬಳೆಬಳೆಯಾಗಿ ಸುತ್ತುವುದನ್ನು ತೆಗೆಯಬೇಕು ಎಂಬ ಆಸೆ. ನಮ್ಮ ಊರಿನ ದೀಪಗಳ ನಡುವೆ ಅದು ಆಗುವ ಮಾತಲ್ಲ. ಅಕ್ಕನನ್ನು ಕೊಟ್ಟಿರುವುದು ತಾಳವಾಡಿ ಕಡೆಯ ಗೆಟ್ಟವಾಡಿಗೆ. ಭಾವನ ಹತ್ತಿರ ಹೇಳಿಕೊಂಡಾಗ, "ನಮ್ಮೂರ್ಗ ಬಾರ್ಲಾ, ಕತ್ತಲ ಎಷ್ಟ್ ಬೇಕೋ ಅಷ್ಟದ, ಪುಕ್ಸಟ್ಟೆ" ಎಂದರು. ಅಮಾವಾಸ್ಯೆ ನೋಡಿಕೊಂಡು, ಕ್ಯಾಮೆರಾ ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ಹೊರಟುಬಿಟ್ಟೆ.

ಅದು ರಾಗಿ ತೆನೆ ಬಲಿತ ಕಾಲ. ಕಾಡಂಚಿನ ಹೊಲಗಳವರು ರಾತ್ರಿಯೆಲ್ಲ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಆನೆ ಕಾಯುತ್ತಾರೆ. ಕೆಳಗೆ ಬೆಂಕಿ, ಕೈಯಲ್ಲಿ ಟಾರ್ಚು. ಗಂಟೆಗೊಮ್ಮೆ ಒಬ್ಬರು "ಓ..." ಎಂದು ಕೂಗಿದರೆ ಉಳಿದ ಅಟ್ಟಣೆಗಳವರೂ ಒಬ್ಬೊಬ್ಬರಾಗಿ ಓಗೊಡಬೇಕು. "ಯಾರ್ ಕೂಗುದ್ರೂ ಓ ಅನ್ಬುಡು. ಅನ್ನದಿದ್ರ ಎಲ್ರೂ ಟಾರ್ಚ್ ಇಡ್ಕಂಡು ನಿನ್ ತಾವ್ಕೇ ಓಡ್ ಬತ್ತಾರ" ಎಂದು ಭಾವ ಮೊದಲೇ ಹೇಳಿದ್ದರು.

ಆ ರಾತ್ರಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಅರ್ಧ ಗಂಟೆ ಮಟ್ಟಿಗೆ ಬೆಂಕಿ, ಟಾರ್ಚು ಎಲ್ಲ ಆರಿಸಿ ಎಂದು ಕೇಳಿಕೊಂಡೆ. ಆನೆ ಬರುವ ಕಾಲದಲ್ಲಿ ಯಾವನಾದರೂ ಕೇಳುವ ಮಾತೇ ಇದು? ಆದರೆ ಊರಿನ ನೆಂಟ ಬಾಯಿಬಿಟ್ಟು ಕೇಳಿದ್ದಾನೆ, ಇಲ್ಲವೆನ್ನಲು ಅವರಿಗೆ ಮನಸ್ಸಾಗಲಿಲ್ಲ. ಕೂಗು ಒಂದು ಸುತ್ತು ಮುಗಿದ ಮೇಲೆ ಒಂದೊಂದೇ ಬೆಂಕಿ ಮುಚ್ಚಿದರು. ನಾನು ಭಾವನ ಅಟ್ಟಣೆಯಿಂದ ಇಳಿದು, ಹೊಲದ ಬಡಗಣ ಅಂಚಿನ ಬಂಡೆಯ ಮೇಲೆ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾ ತಾನಾಗಿಯೇ ಒಂದರ ಹಿಂದೊಂದು ಪಟ ತೆಗೆಯುವ ಹಾಗೆ ಮಾಡಿ, ಪಕ್ಕದಲ್ಲೇ ಕೂತೆ. ಅಷ್ಟು ನಕ್ಷತ್ರಗಳನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ, ಪಕ್ಕದ ಹೊಲದ ಹುಣಸೆಮರದ ಮೇಲಿದ್ದ ಅಟ್ಟಣೆಯಿಂದ, ಒಂದು ಗಂಡಸಿನ ಕೂಗು ಬಂತು. "ನೆಂಟ್ರೇ... ಬಿಸಿ ಕಾಪಿ ಅದ, ಬನ್ನಿ." ನನಗೆ ರೇಗಿತು. ಇದೇನು ಕಾಫಿ ಕುಡಿಯುವ ಹೊತ್ತೇ ಎಂದು ಓಗೊಡದೆ ಕೂತೆ. ಮತ್ತೆ ಅದೇ ಕೂಗು, ಅದೇ ನಿಧಾನ. ಆಗಲೂ ಸುಮ್ಮನಿದ್ದೆ. ಮೂರನೆಯ ಸಲ, "ನೀವ್ ಬತ್ತೀರಾ, ನಾನೇ ಬರ್ಲಾ?" ಎಂದಿತು.

ಅವನು ಬಂದರೆ ಟಾರ್ಚು ಹಿಡಿದೇ ಬರುತ್ತಾನೆ. ಅಲ್ಲಿಗೆ ನನ್ನ ಪಟದ ಕಥೆ ಮುಗಿಯಿತು. ಬಯ್ದುಕೊಳ್ಳುತ್ತಾ ಎದ್ದು, ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಅವನನ್ನು ತಡೆಯಲೆಂದು ರಾಗಿ ಸಾಲಿನ ಬದುವಿನ ಮೇಲೆ ಬೇಗಬೇಗ ನಡೆದೆ. ನೂರು ಹೆಜ್ಜೆ ಇದ್ದೀತು. ಮರದ ಕೆಳಗೆ ನಿಂತು "ಸ್ವಾಮಿ, ಇಳೀಬೇಡಿ" ಎಂದೆ. ಮೇಲಿನಿಂದ ಉತ್ತರವಿಲ್ಲ. ಏಣಿಗೆ ಕೈ ಹಾಕಿದರೆ ಮೆಟ್ಟಿಲೇ ಇಲ್ಲ, ಎರಡು ಬರೀ ಗಳ.

ಏನೋ ಅನ್ನಿಸಿ ಹಿಂತಿರುಗಿ ನೋಡಿದೆ. ಬಂಡೆಯ ಆಚೆ, ಬಾನಿನ ಬುಡದಲ್ಲಿ, ನಕ್ಷತ್ರಗಳು ಒಂದೊಂದಾಗಿ ಆರುತ್ತಿದ್ದವು. ಮೋಡವೇ ಎಂದುಕೊಂಡೆ. ಮೋಡ ಬಂಡೆ ಹತ್ತಿತು. ಆಮೇಲೆ ಸ್ಟ್ಯಾಂಡ್ ಮುರಿದ ಸದ್ದು ಕೇಳಿಸಿತು. ಒಂಟಿ ಸಲಗ. ಅಷ್ಟು ದೊಡ್ಡ ಪ್ರಾಣಿ ಬಂದದ್ದಕ್ಕೆ ಒಂದು ಕಡ್ಡಿ ಮುರಿದ ಸದ್ದೂ ಇರಲಿಲ್ಲ. ನಾನು ಐದು ನಿಮಿಷದ ಹಿಂದೆ ಕೂತಿದ್ದ ಜಾಗದಲ್ಲಿ ಅದು ನಿಂತಿತ್ತು.

ಆಗ ಕೂಗಿದೆ ನೋಡಿ, ಜೀವ ಬಾಯಿಗೆ ಬಂದ ಹಾಗೆ. ನಾಲ್ಕೂ ಕಡೆ ಟಾರ್ಚು ಹೊತ್ತಿದವು, ತಗಡು ಬಡಿದರು, ಪಟಾಕಿ ಹಾರಿಸಿದರು. ಆನೆ ಬಂದಷ್ಟೇ ನಿಧಾನವಾಗಿ ಕಾಡಿಗೆ ಹೊರಟುಹೋಯಿತು. ಒಂದು ಮೂಲೆಯ ರಾಗಿ ತುಳಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಭಾವ ಓಡಿಬಂದು ನನ್ನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದರು.

ನನ್ನನ್ನು ಕಾಫಿಗೆ ಕರೆದವರು ಯಾರು ಎಂದು ಕೇಳಿದೆ. ಯಾರೂ ಕರೆದಿರಲಿಲ್ಲ. ಅಂಥ ನಿಶ್ಶಬ್ದದಲ್ಲೂ ಆ ಕೂಗು ಯಾರ ಕಿವಿಗೂ ಬಿದ್ದಿರಲಿಲ್ಲ. ಹುಣಸೆಮರದ ಅಟ್ಟಣೆ ಮಾದಪ್ಪ ಎನ್ನುವವರದು. ಆ ವರ್ಷ ಅವರು ಹೊಲ ಬಿತ್ತಿರಲಿಲ್ಲ, ಕಾಯಲು ಬಂದಿರಲೂ ಇಲ್ಲ. ಅವರು ಸತ್ತಿದ್ದರೆ ನಿಮಗೆ ಹೇಳಲು ಒಂದು ಕಥೆಯಾದರೂ ಸಿಗುತ್ತಿತ್ತು. ಗುಂಡುಕಲ್ಲಿನ ಹಾಗೆ ಇದ್ದಾರೆ. ಮಾರನೆಯ ದಿನವೇ ಹೋಗಿ ಕೇಳಿದೆ. ಹಿಂದಿನ ರಾತ್ರಿ ದೊಡ್ಡಗಾಜನೂರಿನ ಮಗಳ ಮನೆಯಲ್ಲಿ ಮಲಗಿದ್ದರಂತೆ. "ನಾನು ಕಾಪೀನೇ ಕುಡಿಯದಿಲ್ಲ ಕಣಪ್ಪ" ಎಂದು ನಕ್ಕರು. ಆ ದನಿಯೂ ನಾನು ಕೇಳಿದ್ದಲ್ಲ.

ಕರೆದದ್ದು ಯಾರು ಎಂಬುದರ ಬಗ್ಗೆ ಭಾವನಿಗೆ ಅಷ್ಟೇನೂ ಕುತೂಹಲವಿರಲಿಲ್ಲ. ಅವರು ಕೇಳಿದ್ದು ಒಂದೇ. "ಕೂಗ್ದಾಗ ಓ ಅಂದ್ಯಾ?" ಇಲ್ಲ ಎಂದೆ. "ತಪ್ಪು ಕಣ್ಲಾ. ಯಾರೇ ಆಗ್ಲಿ, ನಿನ್ ಜೀವ ಉಳಿಸ್ದೋರು. ಓ ಅನ್ಬೇಕಾಗಿತ್ತು" ಎಂದು ನಿಜವಾಗಿಯೂ ನೊಂದುಕೊಂಡರು. ಅಕ್ಕ ಮಾತ್ರ ಒಂದು ಲೋಟ ಬಿಸಿ ಕಾಫಿ ತಂದು ನನ್ನ ಕೈಗಿಟ್ಟು ಅತ್ತುಬಿಟ್ಟಳು.

ಕ್ಯಾಮೆರಾ ನುಗ್ಗುನುರಿಯಾಗಿತ್ತು, ಕಾರ್ಡ್ ಉಳಿದಿತ್ತು. ಕೊನೆಯ ಪಟದಲ್ಲಿ ಅರ್ಧ ನಕ್ಷತ್ರ, ಅರ್ಧ ಕಪ್ಪು. ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ಹಾಕಿದ್ದೇನೆ. ಬಂದವರು ಯಾವ ಬೆಟ್ಟ ಇದು ಎಂದು ಕೇಳುತ್ತಾರೆ.

ನನ್ನ ತಲೆಯೇ ಹಾಗೆ ಕೇಳಿಸಿಕೊಂಡಿತೋ, ಗಾಳಿ ಯಾರ ಮಾತನ್ನೋ ಎಲ್ಲಿಂದಲೋ ಹೊತ್ತು ತಂದಿತೋ, ಆರು ವರ್ಷದಿಂದ ಯೋಚಿಸಿದ್ದೇನೆ, ಬಗೆಹರಿದಿಲ್ಲ. ಯಾರಿಗೆ ಕೈಮುಗಿಯಬೇಕೆಂದು ಗೊತ್ತಿಲ್ಲದಿದ್ದರೂ ಕೈಮುಗಿಯಬೇಕು ಎಂಬುದು ಮಾತ್ರ ಗೊತ್ತು. ಪ್ರತಿವರ್ಷ ತೆನೆ ಬಲಿತಾಗ ಗೆಟ್ಟವಾಡಿಗೆ ಹೋಗಿ ಒಂದು ರಾತ್ರಿ ಭಾವನ ಜೊತೆ ಕಾವಲು ಕೂರುತ್ತೇನೆ. ಕ್ಯಾಮೆರಾ ಒಯ್ಯುವುದಿಲ್ಲ. ಬೆಂಕಿ ಚೆನ್ನಾಗಿ ಉರಿಸುತ್ತೇನೆ. ಮೊದಲ ಸಲ ಹೋದಾಗ ಹುಣಸೆಮರದ ಕಡೆ ತಿರುಗಿ, ಹಿಂದಿನ ವರ್ಷ ಹೇಳದೆ ಉಳಿದದ್ದನ್ನು ಗಟ್ಟಿಯಾಗಿ ಹೇಳಿದೆ. "ಓ... ಬಂದೆ!"

ಅಟ್ಟಣೆಗಳವರು ಒಬ್ಬೊಬ್ಬರಾಗಿ ಓಗೊಟ್ಟರು. ಎಷ್ಟು ಜನ ಎಂದು ನಾನು ಎಣಿಸಲಿಲ್ಲ.